ಎಡಗಡೆಯ ಗಾಜು

ಮಿಸ್ತ್ರಿಯ ಕೈಯಲ್ಲಿ ಸದಾ ಗೋಧಿ ಹಿಟ್ಟಿನ ಉಂಡೆ ಇರುತ್ತಿತ್ತು. ಕಿಟಕಿ ಒಡೆದ ಕಾರು ಬಂದರೆ ಮೊದಲು ಅದನ್ನು ಸೀಟಿನ ಮೇಲೆಲ್ಲ ಮೆಲ್ಲಗೆ ಒತ್ತಿ, ಕಣ್ಣಿಗೆ ಕಾಣದ ಗಾಜಿನ ಚೂರುಗಳನ್ನು ಎತ್ತುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಹಿಟ್ಟನ್ನು ಅಂಗಡಿಯ ಹಿಂದೆ ಗುಂಡಿ ತೋಡಿ ಹೂಳುತ್ತಿದ್ದರು. ದನವೋ ನಾಯಿಯೋ ತಿಂದೀತೆಂಬ ಅಂಜಿಕೆ. ಕಾರ್ಖಾನೆಯ ಶಿಸ್ತಿನಲ್ಲಿ ಬೆಳೆದ ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಗುಂಡಿಯನ್ನು ಕಂಡಾಗ.

ಮಹಾರಾಷ್ಟ್ರದ ಸಂಭಾಜಿನಗರದಲ್ಲಿ, ವಾಳೂಜ್ ರಸ್ತೆಯಲ್ಲಿ, ಕಾರಿಗೆ ಗಾಜು ಕೂರಿಸುವ ಅವರ ಅಂಗಡಿ. ಬೀದರ್ ಕಡೆಯವರು. ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು. ಗಿರಾಕಿಗಳೊಡನೆ ಮರಾಠಿ ಆಡುವವರು, ಬಾಗಿಲಿಗೆ ಗಾಜು ಇಳಿಸುವಾಗ ಮಾತ್ರ "ಬಾ, ಮೆಲ್ಲಕ ಬಾ" ಎಂದು ಗಾಜನ್ನೇ ಕನ್ನಡದಲ್ಲಿ ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದೇ ನಮ್ಮ ಪರಿಚಯವಾಯಿತು.

ಆ ವರ್ಷ ನನ್ನ ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಪ್ರತಿ ಸೋಮವಾರ ನಾಶಿಕದ ಆಸ್ಪತ್ರೆಗೆ ಕರೆದೊಯ್ಯಬೇಕು. ಧೂಳು, ತಂಡಿಗಾಳಿ ತಾಗಲೇಬಾರದೆಂದು ವೈದ್ಯರು ಹೇಳಿದ್ದರು. ಆಕ್ಸಿಜನ್ ಸಿಲಿಂಡರಿಗೆ ನಮ್ಮ ಹಳೆಯ ಕಾರಿನಲ್ಲೇ ಜಾಗ ಮಾಡಿಸಿದ್ದರಿಂದ ಬೇರೆ ಗಾಡಿ ಆಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನೋಡಿದರೆ, ಅದರ ಎಡಗಡೆಯ ಮುಂದಿನ ಗಾಜನ್ನು ಯಾರೋ ಒಡೆದು ಹೋಗಿದ್ದರು.

ಆ ಮಾದರಿಯ ಕಾರು ತಯಾರಾಗುವುದು ನಿಂತು ಬಹಳ ವರ್ಷವಾಗಿತ್ತು. ಮಿಸ್ತ್ರಿ ಗುಜರಿಯವರಿಗೆಲ್ಲ ಫೋನು ಮಾಡಿದರು. ಎಲ್ಲಿಯೂ ಇರಲಿಲ್ಲ.

"ಅಕ್ಕೋರು ಯಾವ ಬಾಜೂ ಕೂಡ್ತಾರ್ರಿ?" ಎಂದು ಕೇಳಿದರು. ಗಾಜು ಒಡೆದ ಬಾಗಿಲಿನ ಪಕ್ಕದ ಸೀಟೇ ಎಂದೆ. ಹಿಂದೆ ಕೂತರೆ ಅವಳಿಗೆ ವಾಂತಿಯಾಗುತ್ತಿತ್ತು.

"ಗಾಡಿ ಇಲ್ಲೇ ಬಿಡ್ರಿ. ಸಂಜಿಕ್ಕ ಬರ್ರಿ."

ಸಂಜೆ ಹೋದಾಗ ಗಾಜು ಕೂತಿತ್ತು.

ಮರುದಿನ ಯೇವಲಾ ದಾಟಿ ಚಹಾಕ್ಕೆ ನಿಂತಾಗ ಹೆಂಡತಿ ಕಳವಿನ ಭಯಕ್ಕೆ ಗಾಜಿನ ಮೂಲೆಯಲ್ಲಿ ಕೊರೆಸಿದ್ದ ಅಂಕಿಗಳನ್ನು ಓದಿ, "ಇದು ನಮ್ಮ ಗಾಡಿ ನಂಬರ್ ಅಲ್ಲಲ್ರಿ" ಎಂದಳು. ಬಗ್ಗಿ ನೋಡಿದೆ. ಅದು ಮಿಸ್ತ್ರಿಯ ಕಾರಿನ ನಂಬರು. ನಮ್ಮದರಂಥದೇ ಕಾರು, ದಿನವೂ ಅಂಗಡಿಯ ಮುಂದೆ ನಿಲ್ಲುತ್ತಿತ್ತು.

ಮರಳಿ ಬಂದು ನೇರ ಅಂಗಡಿಗೆ ಹೋದೆ. ಅವರ ಕಾರಿನ ಎಡಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿತ್ತು. ಹೀಗೆ ಮಾಡಬಾರದಿತ್ತೆಂದು ನಾನು ಗದರಿಸುವಂತೆಯೇ ಹೇಳಿದೆ. ಅವರು ಕೈಯ ಕೆಲಸ ನಿಲ್ಲಿಸಲಿಲ್ಲ.

"ನನ್ನ ಗಾಡಿ ಬಜಾರಕ್ಕ ಹೋಗ್ತದ್ರಿ, ಸಾಹೇಬ್ರೆ. ನಿಮ್ಮದು ದವಾಖಾನಿಗಿ ಹೋಗ್ತದ."

ಆ ಮಳೆಗಾಲ ಪೂರ್ತಿ ಅವರ ಬಾಗಿಲಲ್ಲಿ ಪ್ಲಾಸ್ಟಿಕ್ಕೇ ಇತ್ತು. ಗುಜರಿಯಲ್ಲೊಂದು ಗಾಜು ಸಿಗುವ ಹೊತ್ತಿಗೆ ನನ್ನ ಹೆಂಡತಿಯ ಚಿಕಿತ್ಸೆ ಮುಗಿದು, ಅವಳು ತಾನಾಗಿ ಉಸಿರಾಡುತ್ತ ಮನೆಯೊಳಗೆ ಓಡಾಡುತ್ತಿದ್ದಳು.

ಈ ಬೇಸಿಗೆಯಲ್ಲಿ ಮಿಸ್ತ್ರಿ ತೀರಿಕೊಂಡರು. ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲವಂತೆ. ನಾವಿಬ್ಬರೂ ಅವರ ಮನೆಗೆ ಹೋದೆವು. ಅವರ ಹೆಂಡತಿಯನ್ನು ಕಂಡದ್ದು ಅದೇ ಮೊದಲು. ನನ್ನ ಹೆಂಡತಿ ಗಾಜಿನ ಮಾತು ಎತ್ತಿದಳು.

ಮಿಸ್ತ್ರಿಯ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಬಾಜೂ ನಾನೇ ಕೂಡ್ತಿದ್ದೆ, ಅಕ್ಕಾ. ಕಿಡಕಿ ಕಾಚು ತಗೀಲೇನು ಅಂತ ನನ್ನ ಕೇಳಿದ್ರು. ತಗೀರಿ, ನನಗ ಗಾಳಿ ಅಂದ್ರ ಭಾಳ ಸೇರ್ತದ ಅಂದೆ."

ನನ್ನ ಹೆಂಡತಿ ಎದ್ದು ಹೋಗಿ ಆಕೆಯ ಪಕ್ಕದಲ್ಲಿ ಕುಳಿತಳು. ನಾನು ಆಕೆಗೆ ಕೈ ಮುಗಿದೆ.