ಪ್ರೇಮಲತಕ್ಕನ ಎರಡು ಹಿಂಬರಹ

ಚನ್ನಗಿರಿ ಬಸ್ ಸ್ಟ್ಯಾಂಡ್ ಹಿಂದಿನ ಟೈಪಿಂಗ್ ಅಂಗಡಿಯ ಪ್ರೇಮಲತಕ್ಕನ ಹತ್ತಿರ ಅರ್ಜಿ ಬರೆಸಲು ಹೋದವರು ಸಂವಿಧಾನ ಕೇಳದೆ ವಾಪಸ್ ಬಂದದ್ದಿಲ್ಲ. “ಕಾನೂನೇ ತಪ್ಪು ಅನ್ನಾಕೆ ಕೋರ್ಟಿಗೆ ಅಧಿಕಾರ ಎಲ್ಲಿಂದ ಬಂತು ಗೊತ್ತೇನ್ರೀ?” ಎಂದು ಕೀಲಿಮಣೆ ಕುಟ್ಟುತ್ತಲೇ ಶುರು ಮಾಡುತ್ತಾಳೆ. “ಅಮೆರಿಕಾದಾಗೆ ಜಡ್ಜು ತಾನೇ ಕೈಗೆ ತಗಂಡ. ನಮ್ಮೋರು ಹದಿಮೂರನೇ ವಿಧಿ ಅಂತ ಬರೆದೇ ಕೊಟ್ಟವ್ರೆ.” ಹ್ಞೂಂ ಅನ್ನದವರಿಗೆ ಪ್ರಿಂಟ್ ತೆಗೆಯುವುದಿಲ್ಲ. ಎಮ್ಮೆ ವಿಮೆಗೆಂದು ಬಂದ ಕೆರೆಬಿಳಚಿಯ ಗೋಣೆಪ್ಪನಿಗೆ ಎಮ್ಮೆಯ ಕಿವಿಗೆ ಹೊಡೆದ ನಂಬರು ಮರೆತಿದೆ, ಹದಿಮೂರನೇ ವಿಧಿ ಮರೆತಿಲ್ಲ. ಒಂದೇ ಒಂದು ಅರ್ಜಿಗೆ ಮಾತ್ರ ಅವಳ ಬಾಯಿ ಕಟ್ಟುತ್ತದೆ: ನೌಕರಿಯಲ್ಲಿದ್ದಾಗಲೇ ಅಪ್ಪ ಸತ್ತರೆ ಮಕ್ಕಳು ಹಾಕುವ ಅನುಕಂಪದ ನೌಕರಿಯ ಅರ್ಜಿ. ಮೊನ್ನೆ ರಮ್ಯಶ್ರೀ ಅದನ್ನೇ ಬರೆಸಲು ಬಂದು, “ನಂಗೆ ಮದುವೆ ಆಗೈತೆ ಅಕ್ಕಾ, ಕೊಡ್ತಾರಾ?” ಎಂದಳು. ಪ್ರೇಮಲತಕ್ಕ ಡ್ರಾಯರಿನಿಂದ ತನ್ನ ಅರ್ಜಿಗಳಿಗೆ ಅಪ್ಪನ ಆಫೀಸಿನವರು ಉತ್ತರವಾಗಿ ಕೊಟ್ಟ ಎರಡು ಹಿಂಬರಹ ತೆಗೆದಳು. ಅಪ್ಪ ಸತ್ತ ತಿಂಗಳೇ ಹಾಕಿದ ಅರ್ಜಿಗೆ ಬಂದದ್ದು ಮೊದಲನೆಯದು: ಮದುವೆಯಾದ ಮಗಳಿಗೆ ನಿಯಮದಲ್ಲಿ ಅವಕಾಶವಿಲ್ಲ. ಎಷ್ಟೋ ವರ್ಷದ ಮೇಲೆ, ಇನ್ಯಾರೋ ಹೆಣ್ಣುಮಗಳ ಕೇಸಿನಲ್ಲಿ, ಆ ನಿಯಮವೇ ಸಂವಿಧಾನಕ್ಕೆ ವಿರುದ್ಧವೆಂದು ಹೈಕೋರ್ಟು ಹೊಡೆದುಹಾಕಿತು. ಅವತ್ತು ಪ್ರೇಮಲತಕ್ಕ ಬೀದಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿ ಮತ್ತೆ ಅರ್ಜಿ ಹಾಕಿದ್ದಳು. ಅದಕ್ಕೆ ಬಂದದ್ದು ಎರಡನೆಯದು: ತಂದೆ ತೀರಿಕೊಂಡ ವರ್ಷದೊಳಗೆ ಅರ್ಜಿ ಸಲ್ಲಿಸಿಲ್ಲ. ಎರಡಕ್ಕೂ ಅದೇ ಸೀಲು. “ನಿಂಗೆ ಕೊಡ್ತಾರೆ ಕಣವ್ವ,” ಎಂದು ಪ್ರೇಮಲತಕ್ಕ ಟೈಪು ಮಾಡತೊಡಗಿದಳು, “ನಿಮ್ಮಪ್ಪ ಸರಿಯಾದ ಟೈಮಿಗೆ ಸತ್ತವ್ರೆ.”