ಸಾಣೆಯಕ್ಕ ಎರಡು ಸಲ ಮಸೆದ ಟೂಲು

ಸಾಣೆಯಕ್ಕನ ಅಜ್ಜ ಗಾಲಿ ಕಮ್ಮಾರ. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುವುದರಲ್ಲಿ ಸುತ್ತಲಿನವರಿಗೆಲ್ಲ ಅವನೇ ದಿಕ್ಕು. ಅವನು ಪಟ್ಟಿ ಹಾಕಿದ ಒಂದು ಜೊತೆ ಗಾಲಿ ಮೂರು ಗಾಡಿಗಳನ್ನು ಮುದಿ ಮಾಡಿ ನಾಲ್ಕನೆಯ ಗಾಡಿಗೆ ಹೋಯಿತು. ಅವನ ಮಗ, ಅಂದರೆ ಇವಳ ಅಪ್ಪ, ಕುಲುಮೆ ಬಿಟ್ಟು ಕಬ್ಬಿಣ ಕಡೆಯುವ ಲೇತ್ ಯಂತ್ರ ಹಿಡಿದ. ಊರಿನ ಗೋಪುರದ ಗಡಿಯಾರ ನಿಂತುಹೋದಾಗ ಮುರಿದ ಹಲ್ಲುಚಕ್ರದ ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು, ನಕ್ಷೆಯ ಗೊಡವೆಗೇ ಹೋಗದೆ, ಹೊಸ ಚಕ್ರ ಮಾಡಿಕೊಟ್ಟ. ಕೂದಲೆಳೆಯಷ್ಟೂ ಅಳತೆ ತಪ್ಪದ ಅವನನ್ನು ಅಂದಿನಿಂದ ಜನ ಕರೆದದ್ದು 'ಕೂದಲೆಳೆ' ಎಂದೇ. ಅಮ್ಮ ಬಾಗಿಲಲ್ಲಿ ಕೂತು ಬೀದಿಯ ದರ್ಜಿಗಳ ಕತ್ತರಿಗಳನ್ನೆಲ್ಲ ಮಸೆಯುತ್ತಿದ್ದಳು. ಒದ್ದೆ ಬಟ್ಟೆಯ ತೆಳು ಚಿಂದಿಯನ್ನು ಕತ್ತರಿ ಜಗಿಯದೆ ಕತ್ತರಿಸುವವರೆಗೂ ಅದನ್ನು ಕೈಬಿಟ್ಟು ಕೊಡುತ್ತಿರಲಿಲ್ಲ. ಈ ಮೂವರ ಹಟವೂ ಒಟ್ಟಾಗಿ ಇಳಿದದ್ದು ಮಗಳ ಕೈಗೆ.

ಮಗಳು ಇಪ್ಪತ್ತನಾಲ್ಕಕ್ಕೆ ವರ್ಕ್‌ಶಾಪಿನ ಸಾಣೆಕಲ್ಲಿನ ಮುಂದೆ ನಿಂತವಳು ಮೂವತ್ತೊಂದು ವರ್ಷ ಅಲ್ಲಿಂದ ಕದಲಲಿಲ್ಲ. ಎಂಟು ಯಂತ್ರಗಳ ಉದ್ದನೆಯ ಕೊಠಡಿ ಅದು. ಎಣ್ಣೆ ಕುಡಿದು ಕಪ್ಪಾದ ನೆಲ, ಕಬ್ಬಿಣದ ಧೂಳು ಕೂತು ಹಗಲಲ್ಲೂ ಮಂಕಾದ ಕಿಟಕಿಗಳು. ಮೂಲೆಯಲ್ಲಿ ಅವಳ ಕಲ್ಲು, ಪಕ್ಕದಲ್ಲಿ ನೀರಿನ ಡಬ್ಬ. ಲೇತಿನವರು ಕಬ್ಬಿಣ ಕಡೆಯುವ ಟೂಲು, ಡ್ರಿಲ್ಲು, ಎಲ್ಲವೂ ಮೊಂಡಾದೊಡನೆ ಅವಳ ಬಳಿಗೆ ಬರಬೇಕು. ಮಸೆದ ಅಂಚನ್ನು ಅವಳು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡುತ್ತಿದ್ದಳು. ಉಗುರಿಗೆ ಕಚ್ಚಿ ನಿಂತರೆ ಸರಿ, ಜಾರಿದರೆ ಮತ್ತೆ ಕಲ್ಲಿಗೆ. ಆ ಉಗುರು ಗೆರೆ ಹಾಕಿದ ಕಾಪಿ ಪುಸ್ತಕದ ಹಾಗಾಗಿತ್ತು.

ಐವತ್ತೈದಕ್ಕೆ ಬಲಗಣ್ಣು ಮಂಜಾಯಿತು. ಅದೇ ಹೊತ್ತಿಗೆ, ಟೂಲನ್ನು ಬೇಕಾದ ಓರೆಗೆ ಹಿಡಿದು ತಾನೇ ಮಸೆಯುವ ಹೊಸ ಯಂತ್ರವೊಂದನ್ನು ವರ್ಕ್‌ಶಾಪಿನ ಮೇಸ್ತ್ರಿ ತರಿಸಿದ. ಕೆಟ್ಟ ಮನುಷ್ಯನಲ್ಲ ಅವನು. ಹೇಳುವುದನ್ನು ಮುಖಕ್ಕೇ ಹೇಳಿದ.

"ಅಕ್ಕಾ, ನಿನ್ನ ಕೈಯನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಕಣ್ಣಿಲ್ದೆ ಕೈ ಒಂದೇ ಎಷ್ಟು ದಿನ ಓಡುತ್ತೆ? ಈಗ ಬಂದಿರೋ ಪಂಪಿನ ಕೆಲಸಕ್ಕೆ ಟೂಲು ಮಸೆದು ಕೊಡು. ನಡೀತು ಅಂದ್ರೆ ಕಲ್ಲು ನಿಂದು. ಕೆಡ್ತು ಅಂದ್ರೆ ನಾಳೆಯಿಂದ ಪ್ಯಾಕಿಂಗ್ ಮೇಜು."

"ಆ ಮೇಜಿನ ಹತ್ರ ಕುರ್ಚಿ ಇದೆಯಾ?"

"ಇದೆ."

"ಹಾಗಾದ್ರೆ ಅದರಲ್ಲಿ ನೀನೇ ಕೂತ್ಕೋ."

ಪಂಪಿನ ಕೆಲಸ ಸಾಮಾನ್ಯದ್ದಲ್ಲ. ಹಳೆಯ ಪಂಪೊಂದರ ಎರಕದ ಕವಚ. ಅಂಥದ್ದು ಇನ್ನೊಂದು ಸಿಗುವ ಹಾಗಿಲ್ಲ. ಅದರ ಒಳತೂತನ್ನು ಗೇಣಿಗಿಂತ ಆಳಕ್ಕೆ, ಅಳತೆ ಕೂದಲಿನ ದಪ್ಪದಷ್ಟೂ ಹೆಚ್ಚುಕಮ್ಮಿಯಾಗದಂತೆ ಕೊರೆಯಬೇಕು. ಟೂಲಿನ ಮೊನೆ ಹಿಡಿದು ಅಷ್ಟು ಆಳಕ್ಕೆ ಚಾಚುವ ಬಾರು, ಅಂದರೆ ಉಕ್ಕಿನ ಸರಳು, ಎರಡು ಬೆರಳಿನಷ್ಟೇ ದಪ್ಪ. ಅಂಗಡಿಯಿಂದ ತಂದ ಸಿದ್ಧ ಮೊನೆ ಹಾಕಿ ನೋಡಿದಾಗ ಬಾರು ನಡುಗಿ, ತೂತಿನ ಗೋಡೆಯ ಮೇಲೆ ಮೀನಿನ ಹುರುಪೆಯಂಥ ಗುರುತು ಬಿದ್ದಿತ್ತು. ಆ ಲೇತ್ ಓಡಿಸುತ್ತಿದ್ದವನು ಅವಳ ಸ್ವಂತ ತಮ್ಮ.

ಸಾಣೆಯಕ್ಕ ಅರ್ಧ ದಿನ ಕೂತು ಉಕ್ಕಿನ ಕಡ್ಡಿಯೊಂದನ್ನು ಮಸೆದಳು. ತುದಿಯನ್ನು, ಕೆಲಸದವರು ಮೂಗು ಎನ್ನುವ ಭಾಗವನ್ನು, ಕಡಲೆಕಾಳಿನ ಹಾಗೆ ದುಂಡಗೆ ಮಾಡಿದಳು. ಅಪ್ಪ ಕಲಿಸಿದ್ದು ಅದು: ದುಂಡು ಮೂಗು ಕನ್ನಡಿಯಂಥ ಹೊಳಪು ಕೊಡುತ್ತದೆ. ಎಲ್ಲರ ಕಣ್ಣೂ ತನ್ನ ಮೇಲಿದ್ದ ದಿನ ಅವಳಿಗೆ ಕನ್ನಡಿಯೇ ಬೇಕಾಗಿತ್ತು. ಅಪ್ಪ ಅದನ್ನು ಕಲಿಸಿದ್ದು ಹೊರಮೈ ಕಡೆಯುವ ಕೆಲಸಕ್ಕೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ತಮ್ಮ ಲೇತ್ ಓಡಿಸಿದ. ಟೂಲು ನಾಲ್ಕು ಬೆರಳು ಒಳಗೆ ಹೋಗುತ್ತಲೇ ಕವಚ ಊಳಿಡತೊಡಗಿತು. ಕೊಠಡಿಯವರೆಲ್ಲ ಕತ್ತು ಹೊರಳಿಸಿದರು.

"ಏನಕ್ಕಾ, ಪಂಪಿಗೆ ಹಾಡು ಕಲಿಸ್ತಿದೀಯಾ?" ಎಂದ ಡ್ರಿಲ್ಲಿನವನು.

"ನಿನ್ನ ಡ್ರಿಲ್ಲಿಗಿಂತ ಶ್ರುತಿಯಲ್ಲಿದೆ. ಸುಮ್ನಿರು."

ಬಾಯಿಗೆ ಸೋಲಿಲ್ಲದಿದ್ದರೂ ಅವಳ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ತಮ್ಮ ಲೇತ್ ನಿಲ್ಲಿಸಿದ. ಅವಳು ತೂತಿನೊಳಗೆ ಬೆರಳಾಡಿಸಿದಳು. ಅದೇ ಹುರುಪೆ, ಮೊದಲಿಗಿಂತ ಒರಟು. ಇನ್ನು ತೆಗೆಯಲು ಉಳಿದಿದ್ದ ಕಬ್ಬಿಣ ಅರ್ಧ ಮಿಲಿಮೀಟರಿಗೂ ಕಡಿಮೆ. ಇನ್ನೊಂದು ತಪ್ಪಾದರೆ ಕವಚ ಗುಜರಿಗೆ.

ಅವಳು ಬಾರಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಮತ್ತೆ ಒತ್ತಿದಳು. ದುಂಡು ಮೂಗು ಗೋಡೆಯನ್ನು ಅಗಲಕ್ಕೆ ತಬ್ಬಿಕೊಳ್ಳುತ್ತದೆ, ಗೋಡೆ ಅದನ್ನು ಹಿಂದಕ್ಕೆ ನೂಕುತ್ತದೆ, ಸಣಕಲು ಬಾರು ಬಾಗಿ ಮತ್ತೆ ಚಿಮ್ಮಿ ಬರುತ್ತದೆ. ಊಳು ಹುಟ್ಟಿದ್ದು ಅಲ್ಲಿ.

"ಬಿಚ್ಚಿ ಕೊಡೋ" ಎಂದಳು.

ಮೂಗನ್ನು ಎಳ್ಳಿನ ತುದಿಯಷ್ಟಕ್ಕೆ ಇಳಿಸಿದಳು. ಅಂಚು ಉಗುರಿಗೆ ಮೊದಲ ಸಲ ಜಾರಿತು, ಎರಡನೆಯ ಸಲವೂ ಜಾರಿತು, ಮೂರನೆಯ ಸಲ ಕಚ್ಚಿತು. ತಮ್ಮ ಅದನ್ನು ಬಿಗಿದು ಮತ್ತೆ ಒಳಕ್ಕೆ ಬಿಟ್ಟ. ಈ ಸಲ ಕೇಳಿಸಿದ್ದು ಒಣ ಮರಳು ಸುರಿದಂಥ ಸಪ್ಪಳ ಮಾತ್ರ. ಕಪ್ಪು ಹುಡಿ ಸಣ್ಣಗೆ ಉದುರಿತು. ಮೇಸ್ತ್ರಿ ಅಳತೆಯ ಗೇಜು ಹಿಡಿದು ಬಂದರೆ ಅವಳು ಆಗಲೇ ಅಳೆಯಲು ಬಿಡಲಿಲ್ಲ. ಬಿಸಿಯಲ್ಲಿ ತೂತು ಹಿಗ್ಗಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಒಂದು ಗಂಟೆ ಕಾದು ಅಳೆದಾಗ ಅಳತೆ ಸರಿಯಾಗಿತ್ತು. ಕನ್ನಡಿಯ ಹೊಳಪೇನೂ ಇರಲಿಲ್ಲ.

ಮೇಸ್ತ್ರಿ ಕೆಲಸದ ಪುಸ್ತಕ ತೆರೆದ. "ಮೊದಲನೇ ಸಲ ಯಾಕೆ ನಡುಗ್ತು ಅಂತ ಬರೀಬೇಕಲ್ಲ?"

ತಮ್ಮ ಅಕ್ಕನ ಮುಖ ನೋಡದೆ ಹೇಳಿದ: "ನಾನೇ ಬಾರು ಸರಿಯಾಗಿ ಬಿಗಿದಿರ್ಲಿಲ್ಲ, ಸಾರ್. ತಪ್ಪು ನಂದು."

ಮೇಸ್ತ್ರಿಗೂ ಅದೇ ಬೇಕಾಗಿತ್ತೇನೋ. "ಹಾಗಾದ್ರೆ ಅಕ್ಕನ ಟೂಲು ಕೆಟ್ಟಿಲ್ಲ ಅಂತಾಯ್ತು. ಕಲ್ಲು ಅವಳಿಗೇ" ಎಂದು ಪೆನ್ನಿನ ಮುಚ್ಚಳ ತೆಗೆದ.

ಸಾಣೆಯಕ್ಕ ಪುಸ್ತಕದ ಮೇಲೆ ಕೈ ಅಡ್ಡ ಇಟ್ಟಳು.

"ಬೇಡಪ್ಪ. ಬಾರು ಗಟ್ಟಿಯಾಗೇ ಇತ್ತು. ಮೂಗು ದಪ್ಪ ಮಾಡಿದ್ದು ನಾನು, ಹೊಳಪಿನ ಆಸೆಗೆ. ಕಣ್ಣಿನ ತಪ್ಪು ಅಂತಲೂ ಬರೀಬೇಡ, ಕಣ್ಣಿಗೆ ಚೆನ್ನಾಗೇ ಕಾಣ್ತಿತ್ತು. ಬುದ್ಧಿ ಕೆಟ್ಟಿತ್ತು, ತಿದ್ದಿಕೊಂಡೆ. ಕೆಟ್ಟಿದ್ದನ್ನೂ ತಿದ್ದಿದ್ದನ್ನೂ ಎರಡೂ ನನ್ನ ಹೆಸರಿಗೇ ಬರಿ, ಆಮೇಲೆ ಎಲ್ಲಿ ಕೂರಿಸ್ತೀಯೋ ಕೂರಿಸು. ಲೋ ತಮ್ಮಾ, ನೀನು ಸುಳ್ಳು ಹೇಳಿ ಉಳಿಸಿಕೊಟ್ಟ ಕಲ್ಲಿನ ಮುಂದೆ ಮಾತ್ರ ನಾನು ನಿಲ್ಲಲ್ಲ ಕಣೋ."