ನವಣೆ ಬುರುಡೆಯೊಳಗಿನ ಬೋರಮಾಳ

ನನಗೆ ಸಿಟ್ಟು ಬಂದಿದೆ. ಮೊದಲಿಗೆ ಹೆತ್ತ ತಾಯಿಯ ಮೇಲೆ, ಆಮೇಲೆ ಇಡೀ ಊರಿನ ಮೇಲೆ.

ಜಗಳೂರು ಕಡೆಯ ನಮ್ಮ ಹಳೆಮನೆ ಕೆಡವಿ ಹೊಸದು ಕಟ್ಟಬೇಕೆಂದು ಕಳೆದ ಬೇಸಿಗೆಯಲ್ಲಿ ಅಟ್ಟ ಖಾಲಿ ಮಾಡುತ್ತಿದ್ದೆವು. ಮುರಿದ ಕೂರಿಗೆ, ತೂತುಬಿದ್ದ ಮೊರಗಳ ಹಿಂದೆ ಜಂತಿಗೆ ನೇತುಹಾಕಿದ್ದ ಸೋರೆ ಬುರುಡೆಯೊಂದು ಸಿಕ್ಕಿತು. ನವಣೆ ಬೀಜಕ್ಕೆ ಬೂದಿ ಬೆರೆಸಿ ಬುರುಡೆಗೆ ತುಂಬಿ, ಬಾಯಿಗೆ ಸೆಗಣಿ ಮೆತ್ತಿಟ್ಟರೆ ಬಿತ್ತನೆಯ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಆದರೆ ಈ ಬುರುಡೆ ತುಂಬಿಟ್ಟ ಮರುವರ್ಷ ನಮ್ಮವರು ನವಣೆ ಬಿಟ್ಟು ಮೆಕ್ಕೆಜೋಳಕ್ಕೆ ಬಿದ್ದರು. ಬುರುಡೆಯನ್ನು ಎಲ್ಲರೂ ಮರೆತರು.

ನಾನು ಒಡೆದೆ. ಬೂದಿಯೊಳಗೆ ಅಜ್ಜಿಯ ಸೀರೆಯ ಸೆರಗಿನ ಚೂರು, ಅದರ ಗಂಟಿನಲ್ಲಿ ಅಮ್ಮನ ಚಿನ್ನದ ಗುಂಡಿನ ಬೋರಮಾಳ ಸರ!

ಇಪ್ಪತ್ತೆಂಟು ವರ್ಷದ ಹಿಂದೆ ಅಮ್ಮ ಹೊನ್ನಾಳಿಯ ತವರಿಗೆ ಹೋಗುವಾಗ ಸರವನ್ನು ಅಜ್ಜಿಗೆ ಕೊಟ್ಟಿದ್ದಳು. ಅಮ್ಮ ಮರಳುವಷ್ಟರಲ್ಲಿ ಅಜ್ಜಿಗೆ ಲಕ್ವ ಹೊಡೆದು ಮಾತೇ ನಿಂತಿತ್ತು. ಸರ ಕಾಣಲಿಲ್ಲ. ಮನೆ ಸಾರಿಸಲು, ಬೀಜದ ಬುರುಡೆಗೆ ಸೆಗಣಿ ಮೆತ್ತಲು ಬರುತ್ತಿದ್ದ ಓಬವ್ವನ ತಲೆಗೆ ಅಮ್ಮ ಕಳ್ಳತನ ಕಟ್ಟಿ ಕೂಗಾಡಿದಳು. ಊರವರು ಕಟ್ಟೆಯ ಮುಂದೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಿಸಿದರು. ಅವಳು ಅಂಜದೆ ಮಾಡಿದಳು. ಆದರೆ ಅದೇ ಮಳೆಗಾಲ ಅವಳ ಗಂಡ ಹೊಲದಲ್ಲಿ ಹಾವು ಕಚ್ಚಿ ಸತ್ತ. ಸುಳ್ಳು ಆಣೆ ತಗುಲಿತು, ಗಂಡನನ್ನು ತಿಂದುಕೊಂಡಳು ಎಂದು ಊರು ತೀರ್ಮಾನ ಕೊಟ್ಟಿತು. ಎಂಥ ಮನುಷ್ಯರು! ಅವಳ ಮಗ ಸಿದ್ದುಗೆ ಆಗ ಆರು ವರ್ಷ. ಆ ಮಾತು ಕೇಳುತ್ತಲೇ ಬೆಳೆದ. ನ್ಯಾಮತಿಯಲ್ಲಿ ಕೆಲಸ ಹಿಡಿದವನು ಹತ್ತು ವರ್ಷದಿಂದ ತಾಯಿಯ ಮುಖ ನೋಡಿಲ್ಲ.

ಸರ ನೋಡಿ ಅಮ್ಮ ಹೇಳಿದ್ದೇನು ಗೊತ್ತೇ?

"ಸೆಗಣಿ ಮೆತ್ತಿದ್ದು ಆ ಓಬವ್ವನೇ ಅಲ್ಲೇನೆ? ಬಚ್ಚಿಟ್ಟೋಳೂ ಅವಳೇ. ಸುಮ್ನಿರು."

"ಕದ್ದೋಳು ಕದ್ದಿದ್ದನ್ನ ನಮ್ಮನೆ ಜಂತಿಗೇ ನೇತಾಕಿ ಹೋಗ್ತಾಳೇನಮ್ಮಾ? ಇದು ಯಾರ ಸೀರೆ, ನೋಡು!"

ಅಮ್ಮ ನೋಡಿದಳು. ಅಜ್ಜಿಯ ಸೆರಗಿನ ಚೂರನ್ನು ಮಡಿಸಿಟ್ಟು, "ಹಂಗಾದ್ರೆ ಒಂದು ಸೀರೆ ಕೊಟ್ಟು ಬರಾನ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಅಮ್ಮನ ಕೈಹಿಡಿದು ಎಳೆದುಕೊಂಡೇ ಹೋದೆ.

ಓಬವ್ವ ಬಾಗಿಲಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನಾನು ತಂದಿದ್ದ ಬುರುಡೆಯ ಚೂರನ್ನು ಕೈಗೆ ತೆಗೆದುಕೊಂಡಳು. ಒಣಗಿದ ಸೆಗಣಿಯ ಮೇಲೆ ಅವಳದೇ ಬೆರಳಿನ ಗುರುತುಗಳಿದ್ದವು. ಅಮ್ಮ ಚಾಚಿದ ಹೊಸ ಸೀರೆಯನ್ನು ಮುಟ್ಟಲಿಲ್ಲ.

"ಸೀರೆ ನಿಮ್ಮನೇಲೇ ಇರ್ಲಿ ಅಮ್ಮಾರೆ. ನನ್ನ ಮಗನಿಗೆ ಫೋನ್ ಹಚ್ಚಿ ಹೇಳ್ರಿ."

"ಏನಂತ ಹೇಳ್ಲೇ ಓಬವ್ವಾ?" ಎಂದಳು ಅಮ್ಮ.

"ಅವರಪ್ಪ ಹಾವು ಕಚ್ಚಿ ಸತ್ತ ಅಂತ ಹೇಳ್ರಿ. ನಾನು ಕೊಂದಿಲ್ಲ ಅಂತ ಹೇಳ್ರಿ."

ಓಬವ್ವನ ಗೋಡೆಯ ಮೇಲೆ ಬರೆದಿದ್ದ ನಂಬರನ್ನು ನಾನೇ ಒತ್ತಿ, ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದೆ. ಊರಿನ ಮುಂದೆ ಅಷ್ಟು ಜೋರಾಗಿ ಕೂಗಾಡಿದ್ದ ಬಾಯಿ ಈಗ ತೊದಲಿತು. ನಾನು ಬಿಡಲಿಲ್ಲ. ಸರ ಮನೆಯಲ್ಲೇ ಇತ್ತು, ತಪ್ಪು ನಮ್ಮದು, ನಿಮ್ಮವ್ವನ ಆಣೆ ಸುಳ್ಳಲ್ಲ, ನಿಮ್ಮಪ್ಪ ಸತ್ತದ್ದು ಹಾವು ಕಚ್ಚಿಯೇ ಎಂದು ಪೂರ್ತಿ ಹೇಳಿಸಿದೆ.

ಆ ಕಡೆಯಿಂದ ಸಿದ್ದುವಿನ ದನಿ ಬಂತು: "ಅವ್ವಾ... ಊರೋರೆಲ್ಲ ಅಂತಿದ್ರು..."

ಓಬವ್ವ ಫೋನು ಕಿತ್ತುಕೊಂಡಳು.

"ಊರೋರು ಅಂದ್ರೆ ಅನ್ಲಿ ಬಿಡೋ! ನನ್ನ ಕೈತುತ್ತು ತಿಂದೋನು, ನೀನು ಹೆಂಗೆ ನಂಬಿದೆ?"